ಕರಿ ಹರಿದ ಮರುದಿನ

ಹೈದರಾಬಾದಿನಲ್ಲಿ ನೌಕರಿಗಿರುವ ಅಕ್ಕನ ಮಗ ಕಾರಹುಣ್ಣಿಮೆಗೆಂದು ಸೇಡಂಗೆ ಬಂದಿದ್ದ. ಊಟಕ್ಕೆ ಕೂತಾಗಲೂ ಮೊಬೈಲು ಕೆಳಗಿಡಲಿಲ್ಲ. ಅದರೊಳಗೆ ಬೈಕಿನ ಹ್ಯಾಂಡಲ್ಲು, ಟ್ರ್ಯಾಕ್ಟರಿನ ಗತ್ತು, ನಾಲ್ಕು ಗುಂಡು ಗಾಲಿಗಳಿದ್ದ ಎರಡು ಗಾಡಿಗಳು ಒಂದರ ಹಿಂದೊಂದು ದಿಬ್ಬ ಹಾರುತ್ತಿದ್ದವು. ಎಟಿವಿ ಅಂತಾರಲ್ಲ, ಅವು.

"ಮಾಮಾ, ಎರಡೂ ಫೋರ್ ವ್ಹೀಲ್ ಡ್ರೈವೇ. ಇದು ಸ್ಪೋರ್ಟು, ಅದು ಯುಟಿಲಿಟಿ. ನಮ್ಮ ಚಿಂಚೋಳಿ ಹೊಲಕ್ಕ ಯಾವದು ತಂದ್ರ ಛಲೋ? ಯಾವದು ಜೋರ ಓಡ್ತದ?"

ಪಕ್ಕದಲ್ಲಿ ಜೋಳದ ರೊಟ್ಟಿ ಮುರಿಯುತ್ತಿದ್ದ, ನಲವತ್ತು ವರ್ಷದಿಂದ ಆ ಹೊಲ ನೋಡಿಕೊಂಡು ಬಂದ ಕಾಕಾ ತಲೆ ಎತ್ತದೆ ಅಂದರು: "ಎಷ್ಟ್ ಜೋರ ಓಡ್ತದ ಅಂತ ಆಮ್ಯಾಲ ಕೇಳಪಾ. ರಾಡ್ಯಾಗ ಸಿಕ್ಕೊಂಡ್ರ ಎದ್ದು ಬರ್ತದೇನು, ಅದು ಕೇಳು."

ಈ ವಾರದ ಅಂಕಣ ಕಾಕಾ ಎರಡು ಮಾತಿನಲ್ಲಿ ಹೇಳಿದ್ದಕ್ಕೆ ನಾನು ಬರೆದ ಉದ್ದನೆಯ ಟೀಕೆ, ಅಷ್ಟೆ.

ಮೊದಲು ಗಾಡಿಯ ಜಾತಕ ನೋಡೋಣ. ಚಳಿಗಾಲದಲ್ಲಿ ಮೋಟಾರ್ ಸೈಕಲ್ ಮಾರಾಟ ಬಿದ್ದುಹೋಗುತ್ತದೆ, ಆಗ ಮಾರಲು ಏನಾದರೂ ಕೊಡಿ ಎಂದು ಅಮೆರಿಕದ ವ್ಯಾಪಾರಿಗಳು ಹೋಂಡಾ ಕಂಪನಿಯನ್ನು ಕೇಳಿದರು. ಅದರ ಫಲವಾಗಿ 1970ರಲ್ಲಿ ಮೂರು ಗಾಲಿಯ ಎಟಿಸಿ-90 ಹುಟ್ಟಿತು. ಬಲೂನಿನಂಥ ಟೈರು, ಹಿಮವಾದರೇನು ಮರಳಾದರೇನು, ತೇಲಿಕೊಂಡು ಹೋಗುತ್ತಿತ್ತು. ತಿರುವಿನಲ್ಲಿ ಮಾತ್ರ ಮಗುಚಿಕೊಳ್ಳುತ್ತಿತ್ತು. 1982ರ ಹೊತ್ತಿಗೆ ಸುಜುಕಿ ನಾಲ್ಕನೆಯ ಗಾಲಿ ಕೂಡಿಸಿತು. 1985ರಲ್ಲಿ ಅದೇ ಸುಜುಕಿ ಪಂದ್ಯದ ಹುಡುಗರಿಗಾಗಿ ಎಲ್‌ಟಿ-250ಆರ್ ತಂದರೆ, ಮರುವರ್ಷ ಹೋಂಡಾ ರೈತರು, ಬೇಟೆಗಾರರಿಗಾಗಿ ನಾಲ್ಕೂ ಗಾಲಿಗೆ ಶಕ್ತಿ ಹೋಗುವ ಟಿಆರ್‌ಎಕ್ಸ್-350 ತಂದಿತು. ಅಣ್ಣತಮ್ಮಂದಿರು ಬೇರೆಯಾದದ್ದು ಅಲ್ಲಿ. ಒಬ್ಬ ಆಟಕ್ಕೆ ಹೋದ, ಒಬ್ಬ ದುಡಿಮೆಗೆ ನಿಂತ. ಗಾಯಾಳುಗಳ ಲೆಕ್ಕ ಏರುತ್ತ ಹೋಗಿ, 1988ರಲ್ಲಿ ಅಮೆರಿಕದ ಸರ್ಕಾರದೊಂದಿಗೆ ಆದ ಒಪ್ಪಂದದಂತೆ ಕಂಪನಿಗಳು ಮೂರು ಗಾಲಿಯದರ ಮಾರಾಟ ನಿಲ್ಲಿಸಿದವು.

ಆಟದ ಗಾಡಿಗೂ ನಾಲ್ಕು ಗಾಲಿಯ ಶಕ್ತಿ ಕೊಟ್ಟರೆ ಹೇಗೆ ಎಂಬ ಯೋಚನೆ ಆಮೇಲಿನದು. ಇವೆರಡನ್ನು ಹೋಲಿಸಲು ಒಳ್ಳೆಯ ಜೋಡಿಯೆಂದರೆ ಕ್ಯಾನ್-ಆಮ್ ಕಂಪನಿಯ ಔಟ್‌ಲ್ಯಾಂಡರ್ ಮತ್ತು ರೆನೆಗೇಡ್. ಮೊದಲನೆಯದು ದುಡಿಮೆಯದು, ಎರಡನೆಯದು ಓಟದ್ದು. ಆದರೆ ರೆನೆಗೇಡ್ ಬಂದದ್ದೇ ಔಟ್‌ಲ್ಯಾಂಡರಿನ ಚೌಕಟ್ಟಿನ ಮೇಲೆ, ಅದರದೇ ರೋಟ್ಯಾಕ್ಸ್ ಎಂಜಿನ್ ಇಟ್ಟುಕೊಂಡು. ಹೊರೆ ಹೇರುವ ಹಿಂದುಮುಂದಿನ ಕಬ್ಬಿಣದ ಚೌಕಟ್ಟು ತೆಗೆದರು, ಮೈ ಸಣ್ಣ ಮಾಡಿದರು, ಶಾಕ್ ಅಬ್ಸಾರ್ಬರುಗಳನ್ನು ಜಿಗಿತದ ಪೆಟ್ಟು ತಡೆಯುವಂತೆ ಬಿಗಿ ಮಾಡಿದರು, ಕೂರುವವನು ಎದ್ದು ನಿಂತು ಅತ್ತಿತ್ತ ವಾಲಲು ಜಾಗ ಬಿಟ್ಟರು. ಎಂಜಿನ್ ಒಂದೇ ಆದಮೇಲೆ ನೇರ ಬಯಲಿನ ಓಟದಲ್ಲಿ ಉಳಿಯುವ ಅಂತರವಾದರೂ ಎಷ್ಟು? ಬೇರೆಯಾಗಿರುವುದು ಓಟವಲ್ಲ, ಓಡುವಾಗ ಮೈ ಹಿಡಿದುಕೊಳ್ಳುವ ರೀತಿ.

ನಾಲ್ಕೂ ಗಾಲಿಗೆ ಶಕ್ತಿ ಹೋದರೆ ವೇಗ ಹೆಚ್ಚುತ್ತದೆ ಎಂಬುದು ಹುಡುಗರ ನಂಬಿಕೆ. ಹಾಗಿಲ್ಲ. ಎಂಜಿನ್ನಿನ ಶಕ್ತಿ ಇದ್ದಷ್ಟೇ. ಮುಂದಿನ ಗಾಲಿಗಳನ್ನೂ ತಿರುಗಿಸಲು ಒಂದಷ್ಟು ಹಲ್ಲುಚಕ್ರ, ಶಾಫ್ಟು ಕೂಡುವುದರಿಂದ ಭಾರ ಏರುತ್ತದೆ, ಶಕ್ತಿ ಸ್ವಲ್ಪ ಸೋರುತ್ತದೆ. ಸಿಗುವ ಲಾಭವೆಂದರೆ ಆ ಶಕ್ತಿ ನೆಲಕ್ಕೆ ಮುಟ್ಟುವುದು. ಎರಡೇ ಗಾಲಿ ದೂಡುವ ಗಾಡಿ ರಾಡಿಯಲ್ಲಿ ಗರಗರ ತಿರುಗಿ ತನ್ನ ಗುಂಡಿ ತಾನೇ ತೋಡಿಕೊಳ್ಳುತ್ತದೆ, ನಾಲ್ಕು ಗಾಲಿ ಹಂಚಿಕೊಂಡರೆ ಒಂದೊಂದರ ಪಾಲು ಕಡಿಮೆಯಾಗಿ ಕಾಲು ಜಾರುವುದಿಲ್ಲ.

ಆದರೆ ನಿಲ್ಲಿಸುವ ಹೊತ್ತಿಗೆ ಇದು ಕೈಕೊಡುತ್ತದೆ. ಎರಡು ಗಾಲಿ ದೂಡಲಿ, ನಾಲ್ಕು ದೂಡಲಿ, ಇಂಥ ಗಾಡಿಗಳಿಗೆ ಬ್ರೇಕು ಸಾಮಾನ್ಯವಾಗಿ ನಾಲ್ಕೂ ಗಾಲಿಗೆ. ಅಲ್ಲಿ ಫೋರ್ ವ್ಹೀಲ್ ಡ್ರೈವಿನ ದೊಡ್ಡಸ್ತಿಕೆ ಏನೂ ಇಲ್ಲ. ಹಸಿ ಮಣ್ಣಿನ ಮೇಲೆ ಟೈರಿನ ಹಿಡಿತ ತನ್ನ ಮೇಲಿನ ಭಾರದ ಮೂರು ಹತ್ತಂಶ ಎಂದು ಹಿಡಿದರೆ, ಗಂಟೆಗೆ 30 ಕಿಲೋಮೀಟರಿನಲ್ಲಿ ಹೊರಟ ಗಾಡಿ ಬ್ರೇಕು ಒತ್ತಿದ ಮೇಲೆ 12 ಮೀಟರಿನಲ್ಲಿ ನಿಲ್ಲುತ್ತದೆ. 60ರಲ್ಲಿ ಹೊರಟದ್ದಕ್ಕೆ 24 ಸಾಲದು, 47 ಬೇಕು. ವೇಗ ಇಮ್ಮಡಿ ಆದರೆ ನಿಲ್ಲುವ ದೂರ ನಾಲ್ಮಡಿ. ಬದುವಿನಾಚೆ ಬಾವಿ ಇದ್ದವರಿಗೆ ಈ ಲೆಕ್ಕ ಮೊದಲು ಗೊತ್ತಿರಬೇಕು.

ಇಂಗ್ಲಿಷಿನ ಹ್ಯಾಂಡ್ಲಿಂಗ್ ಎಂಬ ಮಾತಿಗೆ ಕನ್ನಡದಲ್ಲಿ ಏನು ಹೇಳುವುದೆಂದು ಹುಡುಕಿದರೆ ಹಿಡಿತ ಎಂಬ ಮಾತೇ ಸಿಗುತ್ತದೆ. ಟೈರು ನೆಲವನ್ನು ಹಿಡಿಯುವುದೂ ಹಿಡಿತ, ಆಳು ಗಾಡಿಯನ್ನು ಹಿಡಿಯುವುದೂ ಹಿಡಿತ. ಈ ಎರಡನ್ನು ಒಂದೇ ಪದದಲ್ಲಿಟ್ಟ ನಮ್ಮ ಹಿರಿಯರು ಎಟಿವಿ ನೋಡಿರಲಿಲ್ಲ, ಬಂಡಿ ಹೊಡೆದಿದ್ದರು. ತಿರುವಿನಲ್ಲಿ ಹೊರಗಡೆಯ ಗಾಲಿ ಒಳಗಡೆಯದಕ್ಕಿಂತ ಹೆಚ್ಚು ದೂರ ಉರುಳಬೇಕು. ಎರಡನ್ನೂ ಒಂದೇ ಸಮ ತಿರುಗುವಂತೆ ಕಟ್ಟಿಹಾಕಿದರೆ ಗಾಡಿ ತಿರುಗಲೊಲ್ಲದೆ ಮೂಗು ನೇರಕ್ಕೇ ಚಾಚುತ್ತದೆ. ಅದಕ್ಕೇ ಅನೇಕ ಎಟಿವಿಗಳಲ್ಲಿ ಹಿಂದಿನ ಗಾಲಿ ಜಾರಿದಾಗ ಮಾತ್ರ ಮುಂದಿನವು ಶಕ್ತಿ ಪಡೆಯುವ ಏರ್ಪಾಡಿದೆ. ಇನ್ನು ಗಾಡಿ ಎತ್ತರ, ಅಗಲ ಕಡಿಮೆ. ಕಲ್ಲು ತಾಗದಿರಲಿ ಎಂದು ಹೊಟ್ಟೆ ಮೇಲೆತ್ತಿದಷ್ಟೂ ಉರುಳುವ ಭಯ. ಈ ಭಯವನ್ನು ನೀಗುವುದು ಕೂತವನ ಮೈ. ಮುನ್ನೂರು ಚಿಲ್ಲರೆ ಕಿಲೋದ ಗಾಡಿಯ ಮೇಲೆ ಎಂಬತ್ತು ಕಿಲೋದ ಮನುಷ್ಯ ಕೂತರೆ ಒಟ್ಟು ಭಾರದ ಐದರಲ್ಲೊಂದು ಪಾಲು ಅವನೇ. ತಿರುವಿನ ಒಳಗಡೆಗೆ ಅವನು ವಾಲಿದರೆ ಗಾಡಿ ನಿಲ್ಲುತ್ತದೆ, ಗೊಂಬೆಯಂತೆ ಕೂತರೆ ಮಗುಚುತ್ತದೆ. ಓಟದ ಎಟಿವಿ ಈ ವಾಲಾಟಕ್ಕೆ ಹೇಳಿ ಮಾಡಿಸಿದ್ದು. ದುಡಿಮೆಯದು ಹಿಂದೆ ಎರಡು ಗೊಬ್ಬರದ ಚೀಲ ಹೇರಿಕೊಂಡಾಗಲೂ ನಿಧಾನಕ್ಕೆ ಇಳಿಜಾರು ಇಳಿಯಲೆಂದು ಮಾಡಿದ್ದು. ಅದರಲ್ಲಿ ಲೋ ಗೇರು ಇರುವುದು ಅದಕ್ಕೇ.

ಈಗ ನಮ್ಮ ನೆಲಕ್ಕೆ ಬರೋಣ. ಅಳಿಯ ನೋಡಿದ ವಿಡಿಯೋದಲ್ಲಿ ಇದ್ದದ್ದು ಮರಳು. ನಮ್ಮಲ್ಲಿ ಇರುವುದು ಮೂರು ಥರದ ನೆಲ, ಒಂದಕ್ಕೊಂದು ಸಂಬಂಧವೇ ಇಲ್ಲದಂಥವು. ಶಹಾಬಾದ, ವಾಡಿ, ಚಿತ್ತಾಪುರದ ಕೆಳಗೆ ಪದರ ಪದರವಾಗಿ ಹಾಸಿದ ಸುಣ್ಣದ ಕಲ್ಲು. ಫರ್ಸಿ ಎಂದು ಮನೆಮನೆಗೆ ಹೋದದ್ದು ಅದೇ, ಸಿಮೆಂಟಾಗಿ ಲಾರಿ ಹತ್ತುವುದೂ ಅದೇ. ಅದರ ಮೇಲೆ ಸಿಮೆಂಟು ಸುರಿದ ರಸ್ತೆಯಂತೆ ಗಟ್ಟಿ ನೆಲ, ಮೊನಚು ಚೂರುಗಳು. ಎಟಿವಿಯ ಮೆತ್ತನೆ ಟೈರಿಗೆ ಗಟ್ಟಿ ರಸ್ತೆ ವೈರಿ: ಹಿಡಿತ ಒಮ್ಮೆಲೇ ಸಿಕ್ಕಿ ಗಾಡಿ ಎತ್ತಿ ಹಾಕುತ್ತದೆ. ಡಾಂಬರಿನ ಮೇಲೆ ಓಡಿಸಬೇಡಿ ಎಂದು ತಯಾರಕರೇ ಬರೆದಿರುತ್ತಾರೆ. ಎರಡನೆಯದು ಚಿಂಚೋಳಿಯ ಮೇಲ್ಭಾಗದ ಕೆಂಪು ಮಡ್ಡಿ, ಕುಂಚಾವರಂ ಕಾಡು, ಚಂದ್ರಂಪಳ್ಳಿ ಜಲಾಶಯದ ಸುತ್ತಲಿನ ಏರುತಗ್ಗು. ಓಟದ ಎಟಿವಿಗೆ ಹೇಳಿಮಾಡಿಸಿದ ಜಾಗ ಅನಿಸುತ್ತದೆ. ಆದರೆ ಅದರಲ್ಲಿ 134 ಚದರ ಕಿಲೋಮೀಟರು 2011ರಿಂದ ವನ್ಯಧಾಮ. ಬಯಲುಸೀಮೆಯಲ್ಲಿ ಉಳಿದ ಅಷ್ಟು ಕಾಡಿನೊಳಗೆ ಆಟದ ಗಾಡಿಯ ಸದ್ದಿಗೆ ಜಾಗವಿಲ್ಲ, ಇರಲೂಬಾರದು.

ಮೂರನೆಯದು ಎರಿ ಹೊಲ. ಸೇಡಂ, ಚಿತ್ತಾಪುರದ ತೊಗರಿ ನಿಂತಿರುವುದು ಇದರ ಮೇಲೆ. 2019ರಲ್ಲಿ ಕಲಬುರಗಿ ತೊಗರಿಗೆ ಭೌಗೋಳಿಕ ಗುರುತು ಸಿಕ್ಕಿತಲ್ಲ, ಅದರಲ್ಲಿ ಈ ಮಣ್ಣಿನ ಪಾಲು ದೊಡ್ಡದು. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ನೀರು ಕುಡಿದು ಉಬ್ಬುತ್ತದೆ, ಚಪ್ಪಲಿಗೆ ಮೆತ್ತಿ ಒಂದೊಂದು ಕಾಲು ಎರಡೆರಡು ಸೇರು ತೂಗುತ್ತದೆ. ಇಲ್ಲಿ ದುಡಿಮೆಯ ಎಟಿವಿಯ ಒಂದು ಗುಣ ನಿಜಕ್ಕೂ ಮೆಚ್ಚುವಂಥದ್ದು. ಅದರ ಟೈರಿನ ಗಾಳಿ ಸುಮಾರು 5 ಪಿಎಸ್‌ಐ, ಅಂದರೆ ಚದರ ಸೆಂಟಿಮೀಟರಿಗೆ 350 ಗ್ರಾಮಿನಷ್ಟೇ ಒತ್ತಡ. ಗಾಡಿ, ಆಳು ಸೇರಿ 400 ಕಿಲೋ ಎಂದಿಟ್ಟುಕೊಂಡರೆ ಗಾಲಿಗೆ ನೂರು ಕಿಲೋ; ಪ್ರತಿ ಗಾಲಿ 285 ಚದರ ಸೆಂಟಿಮೀಟರು ನೆಲವನ್ನು ಅಂಗೈ ಚಾಚಿದಂತೆ ಒತ್ತಿ ಹೋಗುತ್ತದೆ. ಬಂಡಿಯ ಕಬ್ಬಿಣದ ಪಟ್ಟಿ ಚಾಕುವಿನಂತೆ ಇಳಿಯುವಲ್ಲಿ ಇದು ಮೇಲೆ ತೇಲೀತು. ಆದರೂ ಎರಿ ಮಣ್ಣು ಟೈರಿನ ಸಂದುಗಳಿಗೆ ತುಂಬಿ ಗಾಲಿಯನ್ನು ನುಣ್ಣನೆ ಗುಂಡು ಮಾಡಿಬಿಟ್ಟರೆ ನಾಲ್ಕು ಗಾಲಿಯಾದರೂ ಅಷ್ಟೇ, ಹದಿನಾರಾದರೂ ಅಷ್ಟೇ.

ಓಟಕ್ಕೊಂದು, ಎಳೆತಕ್ಕೊಂದು ಎಂಬ ಭೇದ ನಮಗೆ ಹೊಸದೇನಲ್ಲ. ಖಿಲಾರಿ ಎತ್ತು ನೋಡಿ: ತೆಳ್ಳನೆ ಮೈ, ಬಾಗಿದ ಉದ್ದ ಕೊಂಬು, ಗಾಳಿಗೆ ಕಿವಿ ನಿಮಿರಿಸಿ ಹೊರಡುವ ಓಟ. ಅದು ನಮ್ಮ ರೆನೆಗೇಡ್. ಕೃಷ್ಣಾ ಕಣಿವೆ ತಳಿಯನ್ನಾದರೋ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಆ ಭಾಗದ ಸಂಸ್ಥಾನಿಕರು ಎರಿ ಭೂಮಿಯ ಭಾರೀ ನೇಗಿಲು ಎಳೆಯಲೆಂದೇ ಬೆಳೆಸಿದರು. ದಪ್ಪ ಮೈ, ನಿಧಾನ ಹೆಜ್ಜೆ. ಬೀದರ, ಕಲಬುರಗಿ, ಲಾತೂರ ಕಡೆಯ ದೇವಣಿ ಎರಡಕ್ಕೂ ನಡುವೆ: ಹಾಲೂ ಕೊಟ್ಟೀತು, ಗಳೆಯನ್ನೂ ಎಳೆದೀತು. ಖಿಲಾರಿ ಮೇಲೋ ದೇವಣಿ ಮೇಲೋ ಎಂದು ಕಾಕಾನನ್ನು ಕೇಳಿದರೆ, ಯಾವ ಹೊಲಕ್ಕೆ ಎಂದು ತಿರುಗಿ ಕೇಳುತ್ತಾರೆ.

ಇನ್ನೂ ಹಿಂದೆ ಹೋಗಬಹುದು. ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಕಾಲದಲ್ಲಿ, ಹತ್ತನೆಯ ಶತಮಾನದಲ್ಲಿ, ಅರಬ್ ಬರಹಗಾರ ಅಲ್-ಮಸೂದಿ ಇಲ್ಲಿನ ದೊರೆಯ ಸೈನ್ಯದ ಬಗ್ಗೆ ಬರೆದ. ಬಲ್ಹರಾ ಎಂದು ಅವನು ಕರೆಯುವ ಆ ಅರಸನಿಗೆ ಆನೆ ಕುದುರೆಗೆ ಕೊರತೆಯಿಲ್ಲ, ಆದರೂ ಸೈನ್ಯದಲ್ಲಿ ಹೆಚ್ಚಿನವರು ಕಾಲಾಳುಗಳು, ಏಕೆಂದರೆ ರಾಜಧಾನಿ ಬೆಟ್ಟಗಳ ನಡುವೆ ಇದೆ ಎಂಬುದು ಅವನ ಮಾತಿನ ಸಾರ. ಕಾಗಿಣಾ ದಂಡೆಯ ಮಳಖೇಡದಲ್ಲಿ ಬೆಟ್ಟ ಹುಡುಕಿದರೆ ಸಿಗುವುದು ಕಷ್ಟ; ಬೆಟ್ಟದ ಮಾತು ಯಾರ ಬಾಯಿಂದ ಕೇಳಿದನೋ. ಆದರೆ ಅವನ ತರ್ಕ ಗಟ್ಟಿ. ಲಾಯದಲ್ಲಿ ಕುದುರೆ ಎಷ್ಟಿವೆ ಎಂಬುದಲ್ಲ, ಅವುಗಳ ಗೊರಸಿನ ಕೆಳಗೆ ಏನಿದೆ ಎಂಬುದು ಸೈನ್ಯದ ಸ್ವರೂಪವನ್ನು ನಿರ್ಧರಿಸುತ್ತದೆ.

ನಮ್ಮ ಕಾನೂನಿಗೆ ಈ ಭೇದ ಅಷ್ಟಾಗಿ ತಲೆಗೆ ಹೋಗಿಲ್ಲ. ಎಟಿವಿ ಎಂಬ ಬೇರೆ ವರ್ಗ ರಸ್ತೆಯ ಲೆಕ್ಕದಲ್ಲಿ ಇಲ್ಲದ ಕಾರಣ ಪೊಲಾರಿಸ್ ಕಂಪನಿ ತನ್ನ ಸ್ಪೋರ್ಟ್ಸ್‌ಮನ್ 570 ಗಾಡಿಯನ್ನು ಭಾರತದಲ್ಲಿ ಕೃಷಿ ಟ್ರ್ಯಾಕ್ಟರ್ ಎಂದು ಮಾರಿತು. ಹೆಸರು ಸ್ಪೋರ್ಟ್ಸ್‌ಮನ್, ಜಾತಿ ಯುಟಿಲಿಟಿ, ಕಾಗದದ ಮೇಲೆ ಟ್ರ್ಯಾಕ್ಟರ್! ನಾನು ಇದನ್ನು ಹೇಳಿದಾಗ ಕಾಕಾ ಮೊದಲ ಸಲ ನಕ್ಕರು. "ಟ್ರ್ಯಾಕ್ಟರ್ ಅಂದಮ್ಯಾಲ ಕುಂಟಿ ಹೂಡ್ರಿ ನೋಡಮು" ಅಂದರು.

ಅಳಿಯನಿಗೆ ನಾನು ಕೊಟ್ಟ ಉತ್ತರ ಇಷ್ಟು: ಹೊಲಕ್ಕೇ ಬೇಕಾದರೆ ದುಡಿಮೆಯದೇ ಸರಿ, ಹಿಂದೆ ಸಣ್ಣ ಟ್ರಾಲಿ ಕಟ್ಟಿಕೊಂಡು ಔಷಧ, ಬೀಜ, ಬುತ್ತಿ ಸಾಗಿಸಬಹುದು. ಆದರೆ ಅಷ್ಟು ದುಡ್ಡಿಗೆ ಒಂದು ಒಳ್ಳೆಯ ಸಣ್ಣ ಟ್ರ್ಯಾಕ್ಟರು ಬರುತ್ತದೆ, ಅದು ಬಿತ್ತುವುದೂ ಮಾಡೀತು. ಓಡಿಸುವ ಖುಷಿಗೆ ಬೇಕು ಅನ್ನುವುದಾದರೆ ಖುಷಿಗೆ ಎಂದೇ ಹೇಳು, ಹೊಲದ ಹೆಸರು ಎತ್ತಬೇಡ. ಖುಷಿಯೇನೂ ತಪ್ಪಲ್ಲ.

ಅದನ್ನು ನಮ್ಮೂರಿನ ಹಬ್ಬವೇ ಒಪ್ಪುತ್ತದೆ. ಸಂಜೆ ಅಗಸಿಯಲ್ಲಿ ಕರಿ ಹರಿಯಿತು. ವರ್ಷವಿಡೀ ಗಳೆ ಎಳೆದ ಎತ್ತುಗಳು ಕೊಂಬಿಗೆ ಬಣ್ಣ ಹಚ್ಚಿಸಿಕೊಂಡು, ಕೊರಳಗೆಜ್ಜೆ ಕುಣಿಸುತ್ತ, ಜನರ ಕೇಕೆಗೆ ಬೆದರಿ ಜೀವ ಬಿಟ್ಟು ಓಡಿದವು. ಬಿಳಿ ಎತ್ತು ಮುಂದೆ ಬಂದರೆ ಬಿಳಿ ಬೆಳೆ, ಕಂದು ಬಂದರೆ ಕೆಂಪು ಬೆಳೆ ಎಂಬುದು ನಂಬಿಕೆ. ಕಂದು ಎತ್ತು ಗೆದ್ದಿತು. ತೊಗರಿಯವರೆಲ್ಲ ಶಿಳ್ಳೆ ಹಾಕಿದರು. ಅಳಿಯ ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿದ.

ಆ ರಾತ್ರಿ ಒಳ್ಳೆ ಮಳೆಯಾಯಿತು. ಬೆಳಗ್ಗೆ ಅಳಿಯ, ಕಾಕಾ, ನಾನು ಚಿಂಚೋಳಿಯ ಹೊಲಕ್ಕೆ ಹೋದೆವು. ಟ್ರ್ಯಾಕ್ಟರ್ ಬದುವಿನಾಚೆ ನಿಂತಿತ್ತು, ಬೀಜದ ಚೀಲ ಸಿದ್ಧವಿತ್ತು. ಅಳಿಯನಿಗೆ ಅವಸರ, ಮರುದಿನ ಡ್ಯೂಟಿ. ಕಾಕಾ ಬದುವಿನಿಂದ ಇಳಿದು ಬಗ್ಗಿ ಒಂದು ಹಿಡಿ ಮಣ್ಣೆತ್ತಿದರು. ಮುಷ್ಟಿಯಲ್ಲಿ ಅಮುಕಿ, ಬೆರಳು ಬಿಚ್ಚಿ ನೋಡಿದರು. ಉಂಡೆ ಒಡೆಯಲಿಲ್ಲ, ಅಂಗೈಗೆ ಅಂಟಿಕೊಂಡೇ ಇತ್ತು.

"ಹದ ಬಂದಿಲ್ಲ," ಅಂದರು, ಕೈಯನ್ನು ಧೋತರಕ್ಕೆ ಒರೆಸಿಕೊಳ್ಳುತ್ತ. "ಇನ್ನೆರಡು ದಿನ ತಡೀರಿ."