ಗೂಬೆ ಕೂರಿಸುವ ಮುನ್ನ...

ಯಾರನ್ನಾದ್ರೂ ಬೈಯಬೇಕಾದ್ರೆ ಗೂಬೆ ಅಂತೀವಿ. ತಪ್ಪು ಹೊರಿಸಬೇಕಾದ್ರೆ ತಲೆ ಮೇಲೆ ಗೂಬೆ ಕೂರಿಸ್ತೀವಿ. ಅದೇ ಬುಡುಬುಡಿಕೆಯವನು ಬಂದು "ಹಾಲಕ್ಕಿ ನುಡೀತೈತೆ" ಅಂದ್ರೆ ಮಾತ್ರ ಮೊರದ ತುಂಬ ರಾಗಿ ಹಾಕ್ತೀವಿ! ಹಾಲಕ್ಕಿಯೂ ಗೂಬೆಯ ಜಾತಿಯದೇ ಅಂತ ಎಷ್ಟು ಜನಕ್ಕೆ ಗೊತ್ತೋ ಕಾಣೆ :)

ಇದೆಲ್ಲ ಯಾಕೆ ನೆನಪಾಯ್ತು ಅಂದ್ರೆ, ಈ ಸಂಕ್ರಾಂತಿಗೆ ಟೇಕಲ್ ಹತ್ತಿರದ ನಮ್ಮಮ್ಮನ ಊರಿಗೆ ಹೋಗಿದ್ದೆ. ಟೇಕಲ್ ನೋಡದವರಿಗೆ ಒಂದು ಮಾತು: ಬಂಗಾರಪೇಟೆ ರೈಲು ಮಾಲೂರು ದಾಟಿದ ಮೇಲೆ, ಯಾರೋ ಲಾರಿಯಲ್ಲಿ ತಂದು ಸುರಿದ ಹಾಗೆ ಬಂಡೆಗಳ ರಾಶಿ ಕಂಡರೆ ಅದೇ ಟೇಕಲ್. ಆ ಬಂಡೆಗಳ ಸಂದಿಯಲ್ಲಿ ಕೊಂಬಿನ ಗೂಬೆ ಇರುತ್ತೆ. ಸಂಜೆ ಕವಿಯುತ್ತಿದ್ದಂತೆ "ಬೂ... ಬೋ..." ಅಂತ ಗಂಭೀರವಾಗಿ ಕೂಗಿದರೆ ಚಿಕ್ಕಂದಿನಲ್ಲಿ ನಾನು ಅಜ್ಜಿಯ ಸೆರಗು ಬಿಡ್ತಿರಲಿಲ್ಲ.

ಈ ಸಲ ಅದನ್ನು ಹತ್ತಿರದಿಂದ ನೋಡಿದೆ. ರಾಗಿ ಮೆದೆಯ ಪಕ್ಕ ರೆಕ್ಕೆ ಹರಡಿಕೊಂಡು ಸತ್ತು ಬಿದ್ದಿತ್ತು. ಮೈ ಮೇಲೆ ಒಂದು ಗಾಯವಿಲ್ಲ, ಕೊಕ್ಕಿನ ಹತ್ತಿರ ಮಾತ್ರ ಒಣಗಿದ ರಕ್ತ. ಹಿಂದಿನ ವಾರ ಮಾವ ಮೆದೆಯ ಸುತ್ತ ಇಲಿ ಕೇಕ್ ಇಟ್ಟಿದ್ದರು. "ಬಿಡು ನಾಯನ, ಗೂಬೆಗೆಲ್ಲ ಅಳ್ತಾರಾ? ಬಿಸಾಕು ಅತ್ಲಾಗೆ" ಅಂದ್ರು.

ವಿಷದಿಂದಲೇ ಸತ್ತಿತು ಅಂತ ಆಣೆ ಮಾಡಿ ಹೇಳಲಾರೆ. ಆದರೆ ಆ ಕೇಕ್ ಕೆಲಸ ಮಾಡೋ ರೀತಿ ನೋಡಿ. ಅದರಲ್ಲಿರುವುದು ಬ್ರೋಮಾಡಯೋಲೋನ್, ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ವಿಷ. ತಿಂದ ಇಲಿ ಕೂಡಲೇ ಸಾಯುವುದಿಲ್ಲ. ಹಲವು ದಿನ ಓಡಾಡಿಕೊಂಡಿದ್ದು, ಮತ್ತೆ ಮತ್ತೆ ಕೇಕ್ ತಿಂದು, ಕೊನೆಗೆ ಸುಸ್ತಾಗಿ ಬಯಲಲ್ಲೇ ತೂರಾಡುತ್ತೆ. ಗೂಬೆಗೆ ಅದಕ್ಕಿಂತ ಸುಲಭದ ಊಟ ಎಲ್ಲಿ ಸಿಗಬೇಕು? ಇಲಿಯ ಪಿತ್ತಜನಕಾಂಗದಲ್ಲಿ ಕೂತ ವಿಷ ಗೂಬೆಯ ಪಿತ್ತಜನಕಾಂಗಕ್ಕೆ ಬರುತ್ತೆ, ಬೇಗ ಕರಗುವುದೂ ಇಲ್ಲ.

ಇಲಿ ಸಾಯಿಸಬೇಡಿ ಅಂತ ನಾನು ಹೇಳ್ತಿಲ್ಲ. ಬೆಂಗಳೂರಲ್ಲಿ ಕೂತು ಹಾಗೆ ಹೇಳೋದು ಸುಲಭ! ರಾಗಿ ತೆನೆಯನ್ನು ಕತ್ತರಿಸಿ ಬಿಲದಲ್ಲಿ ಕೂಡಿಡುವ ಇಲಿಯಿಂದ ಎಷ್ಟು ನಷ್ಟ ಅಂತ ಬಿಲ ಅಗೆದು ನೋಡಿದವರಿಗೆ ಗೊತ್ತು. ಗೂಬೆ ಒಂದೇ ಎಲ್ಲ ಇಲಿ ತಿಂದು ಮುಗಿಸುತ್ತೆ ಅನ್ನೋದೂ ಉತ್ಪ್ರೇಕ್ಷೆ. ನನ್ನ ತಕರಾರು ಇರೋದು ವಿಷ ಇಡುವ ಕಾಲದ ಬಗ್ಗೆ, ಇಡುವ ರೀತಿಯ ಬಗ್ಗೆ.

ಅಮೆರಿಕದ ಹುಲ್ಲುಗಾವಲಿನಲ್ಲಿ ಬಿಲದಲ್ಲೇ ಸಂಸಾರ ಮಾಡುವ ಒಂದು ಪುಟ್ಟ ಗೂಬೆ ಇದೆ. ಪ್ರೇರಿ ಡಾಗ್ ಅನ್ನೋ ಅಳಿಲಿನ ಬಳಗದ ಪ್ರಾಣಿ ತೋಡಿದ ಬಿಲವೇ ಅದಕ್ಕೆ ಮನೆ. ಆ ಬಿಲಗಳಿಗೆ ವಿಷ ಹಾಕುವ ಮೊದಲು ಗೂಬೆ ಇದೆಯೇ ನೋಡಿ, ಮರಿ ಮಾಡುವ ಕಾಲದಲ್ಲಿ ಹಾಕಬೇಡಿ ಅಂತ ಅಲ್ಲಿ ಹೇಳ್ತಾರೆ. ನಮ್ಮ ಕೊಂಬಿನ ಗೂಬೆ ಮೊಟ್ಟೆ ಇಟ್ಟು ಮರಿ ಮಾಡೋದು ನವೆಂಬರ್‌ನಿಂದ ಏಪ್ರಿಲ್‌ವರೆಗೆ. ಗೂಡೂ ಕಟ್ಟಲ್ಲ, ಬಂಡೆಯ ಮೇಲೆ ಬರೀ ನೆಲದಲ್ಲೇ ಮೊಟ್ಟೆ. ನಾವು ಕೇಕ್ ಇಡೋದೂ ಕೊಯ್ಲಾಗಿ ಮೆದೆ ಹಾಕಿದ ಅದೇ ತಿಂಗಳುಗಳಲ್ಲಿ! ತಾಯಿ ಸತ್ತರೆ ಬಂಡೆ ಮೇಲಿನ ಮರಿಗಳ ಗತಿ ಏನು?

ತಮಾಷೆ ಅಂದ್ರೆ, ಇಲಿ ಹತೋಟಿಗೆ ಕೃಷಿ ವಿಜ್ಞಾನಿಗಳು ಹೇಳುವ ಒಳ್ಳೆ ಕಾಲವೂ ಅದಲ್ಲ. ಬಿತ್ತನೆಗೆ ಮುಂಚೆ, ಮೇ-ಜೂನ್‌ನಲ್ಲಿ, ಹೊಲದಲ್ಲಿ ತಿನ್ನಲು ಏನೂ ಇಲ್ಲದಾಗ ಊರಿಗೆ ಊರೇ ಒಟ್ಟಾಗಿ ಮಾಡಬೇಕು ಅಂತಾರೆ. ಸಂಜೆ ಎಲ್ಲ ಬಿಲ ಮುಚ್ಚಿ, ಬೆಳಗ್ಗೆ ತೆರೆದುಕೊಂಡವಕ್ಕೆ ಮಾತ್ರ ಮದ್ದು. ಮೊದಲು ಎರಡು ಮೂರು ದಿನ ಬರೀ ಕಾಳು ಇಟ್ಟು ರೂಢಿ ಮಾಡಿಸಿ, ಆಮೇಲೆ 96 ಪಾಲು ಕಾಳು, 2 ಪಾಲು ಎಣ್ಣೆ, 2 ಪಾಲು ಜಿಂಕ್ ಫಾಸ್ಫೈಡ್. ಇದು ಇಲಿಯ ಹೊಟ್ಟೆಯಲ್ಲೇ ಅನಿಲವಾಗುವುದರಿಂದ ಗೂಬೆಗೆ ದಾಟುವುದು ಕಡಿಮೆ. ಹಾಗಂತ ಸಾಧುವಲ್ಲ, ಮಕ್ಕಳು, ನಾಯಿ, ಕೋಳಿ ತಿಂದರೆ ಜೀವಕ್ಕೇ ಅಪಾಯ. ಬಿಲದ ಆಳಕ್ಕೆ ಹಾಕಿ ಬಾಯಿ ಮುಚ್ಚಬೇಕು. ಕೇಕ್‌ಗೆ ಇಷ್ಟೆಲ್ಲ ರಗಳೆ ಇಲ್ಲ, ಇಟ್ಟು ಮರೆತರಾಯ್ತು. ಜನ ಅದಕ್ಕೇ ಮರುಳಾಗೋದು.

ಇಸ್ರೇಲಿನಲ್ಲಿ 1983ರಲ್ಲಿ ಹೊಲಗಳಲ್ಲಿ ಕಣಜ ಗೂಬೆಗಳಿಗೆ ಮರದ ಪೆಟ್ಟಿಗೆ ಇಟ್ಟು ಶುರು ಮಾಡಿದ ಕೆಲಸ ಆಮೇಲೆ ಪಕ್ಕದ ಜೋರ್ಡಾನಿಗೂ ಹಬ್ಬಿತು. ಗೂಬೆ ಗಡಿ ನೋಡಲ್ಲ ಬಿಡಿ. ನಮಗೆ ಪೆಟ್ಟಿಗೆಯೂ ಬೇಡ. ಬಂಡೆಗಳನ್ನು ಒಡೆದು ಜಲ್ಲಿ ಮಾಡದೆ ಉಳಿಸಿಕೊಂಡರೆ ಮನೆ ಆಯ್ತು, ಹೊಲದಲ್ಲಿ ಅಲ್ಲಲ್ಲಿ ಅಡ್ಡಕೋಲು ಕಟ್ಟಿದ ಗೂಟ ನೆಟ್ಟರೆ ಕೂರಲು ಜಾಗ ಆಯ್ತು.

ಇದನ್ನೆಲ್ಲ ಮಾವನಿಗೆ ಹೇಳಿದೆ. "ಊರವರನ್ನೆಲ್ಲ ಮೇ ತಿಂಗಳಲ್ಲಿ ನೀನೇ ಬಂದು ಸೇರಿಸು, ನೋಡೋಣ" ಅಂದ್ರು. ಹೋಗಲೇಬೇಕು ಈಗ. ಸದ್ಯಕ್ಕೆ ಮೆದೆಯ ಸುತ್ತ ಮಿಕ್ಕಿದ್ದ ಕೇಕ್ ಎತ್ತಿಟ್ಟಿದ್ದಾರೆ, ಸತ್ತ ಇಲಿಗಳನ್ನು ತಿಪ್ಪೆಗೆ ಎಸೆಯದೆ ಹೂಳೋಕೂ ಒಪ್ಪಿದ್ದಾರೆ. ಮೊದಲ ಗುಂಡಿಯನ್ನು ಗೂಬೆಗೇ ತೋಡಿದೆವು.