ಮನೆಯಲ್ಲೇ ಇದ್ದಾಳಲ್ಲ!

ನಮ್ಮ ಮನೆಗಳಲ್ಲಿ ದಿನಕ್ಕೆ ಹತ್ತು ಸಲ ಕೇಳುವ ಮಾತೊಂದಿದೆ: ‘ಅವಳು ಮನೆಯಲ್ಲೇ ಇದ್ದಾಳಲ್ಲ!’ ಮಗುವನ್ನು ಎತ್ತಿಕೊಳ್ಳಲು, ಬಂದ ನೆಂಟರಿಗೆ ಚಹಾ ಮಾಡಲು, ಗ್ಯಾಸ್ ಸಿಲಿಂಡರ್ ಬಂದರೆ ಬಾಗಿಲು ತೆಗೆಯಲು, ಯಾವುದಕ್ಕೂ ಅವಳಿದ್ದಾಳಲ್ಲ. ಅವಳ ಮುಂದೆ ಪುಸ್ತಕ ತೆರೆದಿದೆ, ಪರೀಕ್ಷೆಗೆ ಇಪ್ಪತ್ತೇ ದಿನ ಉಳಿದಿದೆ ಎಂಬುದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಮನೆಯಲ್ಲಿ ಕೂತು ಓದುವವರು, ದುಡಿಯುವವರು ಯಾಕೆ ಹಿಂದೆ ಬೀಳುತ್ತಾರೆ ಅಂತ ಕೇಳಿದರೆ ಎಲ್ಲರೂ ಮೊಬೈಲಿನ ಕಡೆ ಬೆರಳು ತೋರಿಸುತ್ತಾರೆ. ಮೊಬೈಲಿನದ್ದು ತಪ್ಪಿಲ್ಲ ಎಂದು ನಾವು ಹೇಳುವುದಿಲ್ಲ. ಆದರೆ ಮೊದಲ ತಪ್ಪು ಈ ಮಾತಿನಲ್ಲೇ ಇದೆ.

ಮನೆಯಿಂದಲೇ ಕೆಲಸ ಎಂಬುದು ಕೊರೋನಾ ಕಾಲದಲ್ಲಿ ಹುಟ್ಟಿತು ಎಂದು ಬೆಂಗಳೂರಿನ ಕಂಪೆನಿಯವರು ಹೇಳಬಹುದು. ನಮಗದು ಹೊಸತಲ್ಲ. ಕರಾವಳಿಯ ಎಷ್ಟೋ ಬ್ಯಾರಿ ಮನೆಗಳ ಒಲೆ ಉರಿದದ್ದು ಉಮ್ಮಂದಿರು ಕಟ್ಟಿದ ಬೀಡಿಯಿಂದ. ಎಲೆ ನೆನೆಸುವುದು, ಕತ್ತರಿಸುವುದು, ಹೊಗೆಸೊಪ್ಪು ತುಂಬಿ ಸುರುಟುವುದು, ನೂಲು ಕಟ್ಟುವುದು, ಎಲ್ಲಕ್ಕೂ ಹೊತ್ತಿತ್ತು. ಕೂಲಿ ಸಾವಿರದ ಲೆಕ್ಕದಲ್ಲಿ. ಹೇಳಿದ ದಿನ ಬ್ರಾಂಚಿಗೆ ಮುಟ್ಟಿಸಲೇಬೇಕು. ಮನೆಯಲ್ಲಿ ಬೀಡಿ ಕಟ್ಟುವವರೂ ನೌಕರರೇ ಎಂದು 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಗುರುತಿಸಿತು. ಲೆಕ್ಕ, ಗಡುವು, ಕೂಲಿ ಕಣ್ಣಿಗೆ ಕಾಣುತ್ತಿದ್ದುದರಿಂದ ಮನೆಯವರೂ ಆ ಕೆಲಸಕ್ಕೆ ಬೆಲೆ ಕೊಟ್ಟರು. ಓದಿಗೆ ಬ್ರಾಂಚ್ ಇಲ್ಲ, ವಾರದ ಕೂಲಿಯೂ ಇಲ್ಲ. ಹಾಗಾಗಿ ಓದುವವಳು ಸುಮ್ಮನೆ ಕೂತವಳ ಹಾಗೆ ಕಾಣುತ್ತಾಳೆ.

ಘಟ್ಟದ ಮೇಲೂ ಇದೇ ಕಥೆ. ದಾವಣಗೆರೆ ಜಿಲ್ಲೆ ಚನ್ನಗಿರಿ ತಾಲೂಕಿನ ಕೆರೆಬಿಳಚಿ, ಶಾಂತಿಸಾಗರ ಎಂದು ಕರೆಯುವ ಸೂಳೆಕೆರೆಯ ಬಳಿಯ ಊರು. ಮುಸ್ಲಿಂ ಮನೆಗಳು ಬಹಳ. ಅವರ ಮನೆಮಾತು ಉರ್ದು, ನಮ್ಮದು ಬ್ಯಾರಿ; ಮನೆಯೊಳಗಿನ ರೀತಿ ಮಾತ್ರ ಒಂದೇ. ಚನ್ನಗಿರಿ ಸೀಮೆ ಅಂದರೆ ಅಡಿಕೆ. ಕೊಯ್ದ ಹಸಿ ಕಾಯಿ ಯಾರಿಗೂ ಕಾಯುವುದಿಲ್ಲ; ಬೇಗ ಸುಲಿಯಬೇಕು, ಬೇಯಿಸಬೇಕು, ಒಣಗಿಸಬೇಕು. ಈಗ ಯಂತ್ರ ಬಂದಿದ್ದರೂ ಕೈಯಲ್ಲಿ ಸುಲಿಯುವ ಕೆಲಸ ಹೆಚ್ಚಾಗಿ ಹೆಂಗಸರದ್ದೇ, ಸುಲಿದಷ್ಟಕ್ಕೆ ಕೂಲಿ. ಈ ಸುಗ್ಗಿ ಬರುವುದು ಶಾಲಾ ವರ್ಷದ ನಟ್ಟನಡುವೆ. ಕಾಲೇಜಿಗೆ ಹೋದ ಮಗಳನ್ನು ಆ ಹೊತ್ತಿನಲ್ಲಿ ಕರೆಯಲಾಗದು. ಎಸೆಸೆಲ್ಸಿಯಲ್ಲಿ ಒಂದು ವಿಷಯ ಉಳಿಸಿಕೊಂಡು ಮತ್ತೆ ಪರೀಕ್ಷೆಗೆ ಕೂರುವವಳನ್ನು, ಮೈಸೂರಿನ ಮುಕ್ತ ವಿವಿಯಲ್ಲಿ ಬಿ.ಎ. ಕಟ್ಟಿದವಳನ್ನು ಕರೆಯುವುದು ಸುಲಭ. ಅವಳು ಮನೆಯಲ್ಲೇ ಇದ್ದಾಳಲ್ಲ! ಬಡತನ ಇರುವಲ್ಲಿ ಕೂಲಿ ಬೇಡ ಎನ್ನಲು ನಮಗೆ ಬಾಯಿ ಬರುವುದಿಲ್ಲ. ಆದರೆ ಎರಡು ತಿಂಗಳ ಕೂಲಿಗಾಗಿ ಒಂದು ವರ್ಷದ ಓದು ಹೋದರೆ ನಷ್ಟ ಯಾರಿಗೆ ಎಂಬುದನ್ನೂ ಲೆಕ್ಕ ಹಾಕಬೇಕು.

2020ರಲ್ಲಿ ಶಾಲೆಗಳು ಮುಚ್ಚಿದಾಗ ಎಲ್ಲ ಮಕ್ಕಳೂ ‘ಮನೆಯಲ್ಲೇ ಇರುವವರು’ ಆದರು. ಆ ಜುಲೈಯಲ್ಲಿ ದೂರದರ್ಶನ ಚಂದನದಲ್ಲಿ ‘ಸಂವೇದ’ ಪಾಠ ಶುರುವಾಯಿತು. ಪಾಠಕ್ಕೆ ನಿಗದಿತ ಹೊತ್ತಿತ್ತು. ಆಗ ಚಾನೆಲ್ ಬದಲಿಸಬಾರದು ಎಂದು ಮನೆಗೇ ಗೊತ್ತಾಯಿತು. ಆಗಸ್ಟಿನಲ್ಲಿ ‘ವಿದ್ಯಾಗಮ’ ಬಂತು. ಶಿಕ್ಷಕರು ಊರಿಗೇ ಬಂದು ಜಗಲಿಯಲ್ಲಿ, ಮರದ ನೆರಳಲ್ಲಿ, ಸಮುದಾಯ ಭವನದಲ್ಲಿ ಪಾಠ ಮಾಡಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದು ನಿಂತಿತು. ಆದರೂ ಒಂದು ಪಾಠ ಉಳಿಯಿತು: ಓದುವ ಮಗುವಿಗೆ ಒಂದು ಜಾಗ ಬೇಕು, ಒಂದು ಹೊತ್ತು ಬೇಕು. ಅದನ್ನು ಕೊಡಬೇಕಾದವರು ದೊಡ್ಡವರು.

ಜಾಗ ಅಂದರೆ ಬೇರೆ ಕೋಣೆಯೇ ಆಗಬೇಕೆಂದಿಲ್ಲ. ಟಿವಿಗೆ ಬೆನ್ನು ಹಾಕಿ ಕೂರುವ ಒಂದು ಮೂಲೆ, ಒಂದು ಮೇಜು, ಒಂದು ಲೈಟು ಸಾಕು. ಹೊತ್ತು ಗುರುತಿಸಲು ಬೇರೆ ಗಡಿಯಾರ ಬೇಡ. ದಿನಕ್ಕೆ ಐದು ಬಾಂಗ್ ಕೇಳುತ್ತದೆ. ಸುಬಹಿ ನಮಾಜಿನ ಬಳಿಕ ಒಂದೂವರೆ ಗಂಟೆ, ಊಟದ ನಂತರ ಮನೆ ಮಲಗಿರುವಾಗ ಅಸರ್‌ವರೆಗೆ ಎರಡು ಗಂಟೆ ಅಂತ ಮನೆಯವರೆಲ್ಲ ಸೇರಿ ಒಪ್ಪಿಕೊಳ್ಳಲಿ. ಆ ಹೊತ್ತಿನಲ್ಲಿ ಮೊಬೈಲ್ ಉಮ್ಮನ ಕೈಯಲ್ಲಿರಲಿ. ಗಲ್ಫಿನಲ್ಲಿರುವ ಉಪ್ಪ ಕೆಲಸ ಮುಗಿಸಿ ಎಂಟಕ್ಕೆ ಕರೆ ಮಾಡಿದರೆ, ದುಬೈಯಿಂದಾದರೆ ಇಲ್ಲಿ ಒಂಬತ್ತೂವರೆ, ಸೌದಿಯಿಂದಾದರೆ ಹತ್ತೂವರೆ. ಮಾತು ಮುಗಿಯುವಾಗ ಓದುವ ರಾತ್ರಿಯೂ ಮುಗಿದಿರುತ್ತದೆ. ರಾತ್ರಿಯ ಓದನ್ನು ನಂಬದೆ ಬೆಳಗ್ಗೆಯನ್ನೇ ನಂಬುವುದು ಒಳ್ಳೆಯದು.

ಲೆಕ್ಕವೂ ಬೇಕು. ‘ಇಡೀ ದಿನ ಓದಿದೆ’ ಅನ್ನುವುದು ಲೆಕ್ಕವಲ್ಲ. ಇವತ್ತು ಎಂಟು ಗಣಿತ, ಒಂದು ಪಾಠದ ಪ್ರಶ್ನೋತ್ತರ ಎಂದು ಬೆಳಗ್ಗೆಯೇ ಬರೆದಿಟ್ಟು, ಆದದ್ದಕ್ಕೆ ಕ್ಯಾಲೆಂಡರಿನಲ್ಲಿ ಗುರುತು ಹಾಕಲಿ. ಆ ಗುರುತನ್ನು ಮನೆಯವರು ದಿನಾ ನೋಡಲಿ. ಕಣ್ಣಿಗೆ ಕಂಡ ಕೆಲಸಕ್ಕೇ ಮರ್ಯಾದೆ. ಹೊಲಿಗೆ ಮಷಿನ್ ಮುಂದೆ ಕೂತ ಸೊಸೆಗೂ, ಲ್ಯಾಪ್‌ಟಾಪ್ ಮುಂದೆ ಕೂತ ಮಗಳಿಗೂ ಇದೇ ಮಾತು. ಲ್ಯಾಪ್‌ಟಾಪ್ ಮುಂದೆ ಮಗ ಕೂತರೆ ಬಾಗಿಲು ಮುಚ್ಚಿ, ಗಲಾಟೆ ಮಾಡಬೇಡಿ ಅನ್ನುತ್ತೇವೆ. ಮಗಳು ಕೂತರೆ ಬಾಗಿಲು ಯಾಕೆ ತೆರೆದೇ ಇರುತ್ತದೆ? ಚಹಾ ಮಾಡಲು ಅಣ್ಣತಮ್ಮಂದಿರಿಗೂ ಕೈ ಇದೆ.

ಇನ್ನು ಜಮಾಅತ್ ಕಮಿಟಿಗಳಿಗೊಂದು ಮಾತು. ಬೆಳಗ್ಗೆ ಮದ್ರಸ ಬಿಟ್ಟ ಮೇಲೆ ಎಷ್ಟೋ ಕಡೆ ಆ ಕೋಣೆಗಳು ಖಾಲಿ. ಬೆಂಚಿದೆ, ಫ್ಯಾನಿದೆ, ಬೆಳಕಿದೆ. ಮಧ್ಯಾಹ್ನ ಎರಡು ಗಂಟೆ, ಹಿರಿಯ ಹೆಂಗಸೊಬ್ಬರ ಉಸ್ತುವಾರಿಯಲ್ಲಿ, ಪರೀಕ್ಷೆ ಬರೆಯುವ ಹೆಣ್ಣುಮಕ್ಕಳಿಗೆ ಬಿಟ್ಟುಕೊಟ್ಟರೆ ಖರ್ಚು ಕರೆಂಟ್ ಬಿಲ್ಲಿನದ್ದು ಮಾತ್ರ. ಎರಡು ಕೋಣೆಯಲ್ಲಿ ಎಂಟು ಜನ ಇರುವ ಮನೆಯ ಮಗಳಿಗೆ ಅದಕ್ಕಿಂತ ದೊಡ್ಡ ಸ್ಕಾಲರ್‌ಶಿಪ್ ಬೇಕಿಲ್ಲ.

ಅಲ್ಲಿವರೆಗೆ ಮನೆಯಲ್ಲೇ ಶುರುಮಾಡೋಣ. ನಾಳೆ ಯಾರಾದರೂ ಅವಳನ್ನು ಕರೆದರೆ ಮನೆಯ ಹಿರಿಯರೇ ಹೇಳಲಿ: ‘ಅವಳು ಕೆಲಸದಲ್ಲಿದ್ದಾಳೆ, ಅಸರ್ ಆದ ಮೇಲೆ ಬರುತ್ತಾಳೆ.’