ರಾಹು ನಿಮ್ಮ ಕ್ಯಾಲೆಂಡರ್ ಓದುವುದಿಲ್ಲ ಸ್ವಾಮಿ!

ಮುಂಬಯಿಯ ನಮ್ಮ ಕನ್ನಡದ ಮನೆಗಳಲ್ಲಿ ಊರಿಂದ ತಂದ ಕ್ಯಾಲೆಂಡರ್ ಒಂದು ಇದ್ದೇ ಇರುತ್ತದೆ. ಅದರಲ್ಲೊಂದು ರಾಹುಕಾಲದ ಪಟ್ಟಿ. ಸೋಮವಾರ 7.30ರಿಂದ 9, ಶುಕ್ರವಾರ 10.30ರಿಂದ 12... ವರ್ಷವಿಡೀ ಅದೇ, ಎಲ್ಲ ಊರಿಗೂ ಅದೇ. ಈ ಪಟ್ಟಿ ನಂಬಿ, ಮನೆ ಸಾಲದ ಕಾಗದಕ್ಕೆ ಸಹಿ ಹಾಕದೆ ಹನ್ನೆರಡರ ತನಕ ಕೂರುವವರನ್ನು ಬ್ಯಾಂಕಿನಲ್ಲಿ ಬೇಕಾದಷ್ಟು ನೋಡಿದ್ದೇನೆ. ಮನೆ ಮಾರುವವನು, ಜಾಮೀನಿಗೆಂದು ರಜೆ ಹಾಕಿ ಬಂದ ಭಾವ, ಎಲ್ಲರೂ ಗಡಿಯಾರ ನೋಡುತ್ತಾ ಕಾಯಬೇಕು.

ನಂಬಿಕೆಯ ತಂಟೆಗೆ ನಾನು ಬರುವುದಿಲ್ಲ. ನನ್ನ ತಕರಾರು ಲೆಕ್ಕದ್ದು.

ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹೊತ್ತನ್ನು ಎಂಟು ಪಾಲು ಮಾಡಬೇಕು. ಸೋಮವಾರ ಎರಡನೆಯ ಪಾಲು, ಶುಕ್ರವಾರ ನಾಲ್ಕನೆಯದು ರಾಹುವಿನದು. ಪಟ್ಟಿಯ ಒಂದೂವರೆ ಗಂಟೆ ಸರಿಹೋಗುವುದು ಆರಕ್ಕೆ ಹುಟ್ಟಿ ಆರಕ್ಕೆ ಮುಳುಗುವ ಸೂರ್ಯನಿಗೆ ಮಾತ್ರ.

ಜನವರಿ ಮಧ್ಯದಲ್ಲಿ ಮುಂಬಯಿಯ ಸೂರ್ಯ ಹುಟ್ಟುವುದು ಸುಮಾರು 7.15ಕ್ಕೆ, ಮುಳುಗುವುದು 6.20ರ ಹೊತ್ತಿಗೆ. ಒಂದು ಪಾಲಿಗೆ 83 ನಿಮಿಷ. ಶುಕ್ರವಾರದ ರಾಹುಕಾಲ 11.24ರಿಂದ 12.47! ಅಂದರೆ 10.30ಕ್ಕೆ ಪೆನ್ನು ಕೆಳಗಿಟ್ಟು 12.05ಕ್ಕೆ ಸಹಿ ಹಾಕಿದವರು ಒಳ್ಳೆಯ ಹೊತ್ತು ಬಿಟ್ಟು ರಾಹುವಿನ ಬಾಯಿಗೇ ಬಿದ್ದರು. ದಿಲ್ಲಿಯ ಚಳಿಗಾಲದಲ್ಲಿ ಪಾಲು 80 ನಿಮಿಷವೂ ಇರುವುದಿಲ್ಲ, ಮುಂಬಯಿಯ ಜೂನ್‌ನಲ್ಲಿ 99 ನಿಮಿಷ. ಸಾಲದ್ದಕ್ಕೆ ನಮ್ಮ ಕೈಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಸಮಯಕ್ಕೆ. ಮುಂಬಯಿಯ ಸೂರ್ಯ ಅದಕ್ಕಿಂತ ಸುಮಾರು 39 ನಿಮಿಷ ಹಿಂದೆ.

ತಮಾಷೆ ಎಂದರೆ ತಿಥಿ, ವಾರ, ನಕ್ಷತ್ರ, ಯೋಗ, ಕರಣ ಎಂಬ ಪಂಚಾಂಗದ ಐದು ಅಂಗಗಳಲ್ಲಿ ರಾಹುಕಾಲವೇ ಇಲ್ಲ. ಚಂದ್ರ ಸೂರ್ಯನಿಂದ 12 ಡಿಗ್ರಿ ಮುಂದೆ ಸರಿದರೆ ಒಂದು ತಿಥಿ. ಅದು 20 ಗಂಟೆಯಲ್ಲೂ ಮುಗಿಯಬಹುದು, 26 ಗಂಟೆಯೂ ಹಿಡಿಯಬಹುದು. ಇಷ್ಟು ಸೂಕ್ಷ್ಮವಾಗಿ ಆಕಾಶ ಅಳೆದ ಹಿರಿಯರು ಎಲ್ಲ ಊರಿಗೂ ಒಂದೇ ಪಟ್ಟಿ ತೂಗುಹಾಕಿ ಅಂದಿರುತ್ತಾರೆಯೇ?

"ನಮ್ಮ ಮನೆಯಲ್ಲಿ ಹೀಗೇ ನೋಡುವುದು" ಅನ್ನುತ್ತೀರಿ. ಸರಿ. ಆದರೆ ಠೇವಣಿ ಬಡ್ಡಿಯಲ್ಲಿ ಒಂದು ದಿನ ಹೆಚ್ಚುಕಡಿಮೆಯಾದರೆ ನೀವೇ ಮ್ಯಾನೇಜರ್ ಹತ್ತಿರ ಜಗಳಕ್ಕೆ ಬರುತ್ತೀರಲ್ಲ, ಆ ಶ್ರದ್ಧೆಯಲ್ಲಿ ಕಾಲುಭಾಗ ಇಲ್ಲೂ ಇರಲಿ. ನಂಬುವುದಾದರೆ ನೀವಿರುವ ಊರಿನ ಸೂರ್ಯೋದಯ, ಸೂರ್ಯಾಸ್ತ ನೋಡಿ ಎಂಟರಿಂದ ಭಾಗಿಸಿ. ಐದು ನಿಮಿಷದ ಕೆಲಸ. ಅಷ್ಟೂ ಪುರುಸೊತ್ತಿಲ್ಲವೇ? ಹಾಗಾದರೆ ದಯವಿಟ್ಟು ಬೇರೆಯವರನ್ನು ಕಾಯಿಸಬೇಡಿ. ನಿಮ್ಮ ಮುಹೂರ್ತಕ್ಕಾಗಿ ಅರ್ಧ ದಿನದ ಸಂಬಳ ಕಳೆದುಕೊಂಡವನ ಶಾಪಕ್ಕೆ ಯಾವ ಕ್ಯಾಲೆಂಡರಿನಲ್ಲೂ ಪರಿಹಾರ ಬರೆದಿಲ್ಲ.

ಏನಂತೀರಿ?